ಸುಳ್ಳು ಸೂರ್ಯ

ಬೋಳಾರದ ಹೆಂಚಿನ ಕಾರ್ಖಾನೆಯಲ್ಲಿ
ಆವಿಗೆ ಆರಿ ಮೂವತ್ತು ವರ್ಷ.
ಈಗ ಅದೇ ಮಾಡಿನ ಕೆಳಗೆ
ಮಕ್ಕಳಿಗೆ ಶಕ್ತಿಯ ಪಾಠದ ಗ್ಯಾಲರಿ:
ಮುಟ್ಟಿ ನೋಡಿ, ಒತ್ತಿ ನೋಡಿ, ತಿರುಗಿಸಿ ನೋಡಿ.
ಈ 'ನೋಡಿ'ಗಳನ್ನು ಮಾಡುವುದು ನನ್ನ ಕೆಲಸ.

ನಕ್ಷೆ ನನ್ನದು, ಕೈ ಇದಿನಬ್ಬರದು.
ದಕ್ಕೆಯಲ್ಲಿ ಬೋಟಿನ ಇಂಜಿನು ಬಿಚ್ಚಿ ಕಟ್ಟಿ
ನಲವತ್ತು ವರ್ಷ ಡೀಸೆಲು ಕುಡಿದ ಉಗುರು.
ಮೊದಲ ದಿನವೇ ನನ್ನ ಹಿಡಿಕೆಯನ್ನೊಮ್ಮೆ
ಅಂಗೈಯಲ್ಲಿ ತೂಗಿ ಕೆಳಗಿಟ್ಟರು:
"ಇದು ಯಾರ ಕೈಗೆ ಮೇಡಂ, ಪುಸ್ತಕದ ಕೈಗಾ?
ಒಂದನೇ ಕ್ಲಾಸಿನ ಕೈ ಉಂಟು,
ಅದನ್ನು ಹಿಡಕೊಂಡು ಬರುವ ಅಜ್ಜನದ್ದೂ ಉಂಟು.
ಮತ್ತೆ, ಮುರಿಯಲಿಕ್ಕೇ ಬರುವವ ಒಬ್ಬ ಇದ್ದೇ ಇರ್ತಾನೆ.
ಅವನಿಗೆ ಮಾಡಿ ಮೊದಲು."

ಅಲೆಯ ತೊಟ್ಟಿಗೆ ಬಲೆಯ ಬೆಂಡು ಬಂತು.
ಗಾಳಿಯ ರೆಕ್ಕೆಗೆ ಒಡೆದ ದೋಣಿಯ ಫೈಬರು.
ಪಣಂಬೂರಿನ ಗಾಳಿಯನ್ನು ಕಟ್ಟಿ ತರಲಾಗದೆ
ಟೇಬಲ್ ಫ್ಯಾನೊಂದನ್ನು ಮರೆಯಲ್ಲಿಟ್ಟೆವು.
ಬಿಸಿಲಿನ ಹತ್ತಿರ ಮಾತ್ರ ಸಿಕ್ಕಿಬಿದ್ದೆವು.

ಉದ್ಘಾಟನೆ ಆಟಿಯಲ್ಲಿ.
ಸೂರ್ಯ ರಜೆ ಹಾಕಿ ಹೋದ ತಿಂಗಳು.
ಸೋಲಾರ್ ಹಲಗೆಯ ಮೇಲೊಂದು ಹ್ಯಾಲೊಜನ್ ದೀಪ ತೂಗಿಸಿದೆ:
ಗುಂಡಿ ಒತ್ತಿದರೆ ಉದಯ, ಬಿಟ್ಟರೆ ಅಸ್ತ,
ಬದಿಯಲ್ಲಿ ಪುಟ್ಟ ಫ್ಯಾನು ಗಿರ್ರೆಂದು.
ನೋಡಿದವರೆಲ್ಲ ಚಪ್ಪಾಳೆ ತಟ್ಟಿದರು.
ನಾನೂ ತಟ್ಟಿಕೊಂಡೆ, ಒಳಗೊಳಗೇ.

ಪರೀಕ್ಷೆಗೆಂದು ಹೊಯಿಗೆಬಜಾರಿನ ಶಾಲೆಯಿಂದ
ಮೂವತ್ತು ಮಕ್ಕಳನ್ನು ಕರೆಸಿದೆವು.
ಬೋರ್ಡು ಯಾರೂ ಓದಲಿಲ್ಲ.
ನಾಲ್ಕು ರಾತ್ರಿ ಕೂತು ತಿದ್ದಿದ
ನೂರ ಇಪ್ಪತ್ತು ಪದ, ಅಲ್ಲೇ ಗೋಡೆಗಂಟಿ ಒಣಗಿದವು.
ವೆನಿಶಾ ಎಂಬ ಹಲ್ಲು ಬಿದ್ದ ಹುಡುಗಿ
ಹನ್ನೊಂದು ಸಲ ಉದಯ, ಹನ್ನೊಂದು ಸಲ ಅಸ್ತ ಮಾಡಿ
ಕೇಳಿದಳು:
"ಟೀಚರ್, ಈ ಸೂರ್ಯನಿಗೆ ಕರೆಂಟು ಎಲ್ಲಿಂದ?"

ಟೀಚರ್ ನನ್ನನ್ನು ನೋಡಿದರು. ನಾನು ಇದಿನಬ್ಬರನ್ನು.
ಇದಿನಬ್ಬ ಗೋಡೆಯ ಪ್ಲಗ್ಗನ್ನು.
ಪ್ಲಗ್ಗಿಂದ ವಯರು, ವಯರಿಂದ ಕಂಬ, ಕಂಬದಿಂದ ಕಂಬ
ಹಿಡಿದು ನಡೆದರೆ ಎಲ್ಲೋ ಒಂದು ಕಡೆ
ಕಲ್ಲಿದ್ದಲ ರಾಶಿ,
ಅದರ ಮೇಲೂ ಹೊಯ್ಯುತ್ತಿರುವ ಇದೇ ಮಳೆ.

ಆ ರಾತ್ರಿ ಪ್ಲಗ್ಗು ಕಿತ್ತೆವು.
ದೊಡ್ಡ ದೀಪ ಇಳಿಸಿ ಸಣ್ಣದು ಏರಿಸಿ
ಅದರ ವಯರನ್ನು ಹಿಡಿಕೆಗೆ ಜೋಡಿಸಿದೆವು.
ಈಗ ಸೂರ್ಯನನ್ನು ಕೈಯಲ್ಲೇ ತಿರುಗಿಸಬೇಕು.
ರಟ್ಟೆ ಸೋಲುವಷ್ಟು ತಿರುಗಿಸಿದರೆ
ದೀಪ ಕೆಂಪಗೆ ಕಣ್ಣು ಬಿಡುತ್ತದೆ,
ಹಲಗೆ ಒಂದು ಗುಟುಕು ಕುಡಿಯುತ್ತದೆ,
ಫ್ಯಾನಿನ ರೆಕ್ಕೆ ಎದ್ದಂತೆ ಮಾಡಿ
ಮತ್ತೆ ಮಲಗುತ್ತದೆ.
"ಇಷ್ಟೇನಾ?"
"ಇಷ್ಟೇ. ಉಳಿದದ್ದು ಇಲ್ಲಿ ಹೋಯ್ತು, ಮುಟ್ಟಿ ನೋಡಿ."
ಬಲ್ಬು ಸುಡುತ್ತಿತ್ತು. ಇದಿನಬ್ಬರ ಹಣೆಯೂ.

ಸಮಿತಿಯ ಕೇಶವ ಬಾಳಿಗರಿಗೆ ಹಿಡಿಸಲಿಲ್ಲ:
"ಸೋಲುವುದನ್ನು ನೋಡಲಿಕ್ಕೆ
ಟಿಕೇಟು ತೆಗೊಂಡು ಯಾರು ಬರ್ತಾರೆ ಮಾರಾಯ್ರೆ?"
ನನಗೆ ಉತ್ತರ ಹೊಳೆಯಲಿಲ್ಲ.
ಇದಿನಬ್ಬ ಏಣಿ ತಂದರು.
"ಆಟಿಯ ಬಿಸಿಲಿಗೆ ಆನೆಯ ಬೆನ್ನೂ ಬಿರಿಯುತ್ತದಂತೆ,
ಒಂದು ಫ್ಯಾನು ತಿರುಗಲಿಕ್ಕಿಲ್ಲವಾ?"
ಮಾಡಿನಲ್ಲಿ ಮೂರು ಹೆಂಚು ಜಾರಿಸಿ
ಮೂರು ಗಾಜಿನ ಹೆಂಚು ಕೂರಿಸಿದರು.
ಹಿಡಿಕೆಯ ಪಕ್ಕದಲ್ಲೇ ಇನ್ನೊಂದು ಹಲಗೆ, ಇನ್ನೊಂದು ಫ್ಯಾನು,
ಗುಂಡಿ ಇಲ್ಲ.
ನೂರ ಇಪ್ಪತ್ತು ಪದ ಒರೆಸಿ ನಾನು ಬರೆದೆ:
'ಮೋಡ ಇದ್ದರೆ ಕೂತು ಕಾಯಿರಿ.'

ಏಳು ದಿನ ಮೋಡ.
ಎಂಟನೆಯ ದಿನ, ಹೊರಗೆ ಸುರತ್ಕಲ್ಲಿನ ಸ್ಕೂಲ್ ಬಸ್ಸು
ಹಾರ್ನು ಹಾಕುತ್ತಿತ್ತು.
ಒಳಗೆ ಒಬ್ಬ ಮಾತ್ರ, ಮೊಣಕಾಲಿಗೆ ಗಲ್ಲ ಊರಿ
ಗಾಜಿನ ಹೆಂಚಿನ ಕೆಳಗೆ.
ಗೋಡೆಯ ಮೇಲೆ ಬೆಳಕಿನ ಚೌಕ ಮೂಡಿತು,
ಇಳಿಯಿತು, ನೆಲ ಮುಟ್ಟಿತು,
ಹಲಗೆಗೆ ಒಂದು ಗೇಣು ಈಚೆಗೆ ನಿಂತುಬಿಟ್ಟಿತು.

ಹುಡುಗ ಎದ್ದ. ಬೆಳಕನ್ನು ನೋಡಿದ.
ಹಲಗೆಯನ್ನು ಎರಡೂ ಕೈಯಲ್ಲಿ ಹಿಡಿದು
ಬೆಳಕಿನ ಕಡೆಗೆ ಎಳೆಯತೊಡಗಿದ.
ಮುರಿಯುವವನಿಗೆಂದು ನಾನು
ನಾಲ್ಕೂ ಮೂಲೆಗೆ ಬೋಲ್ಟು ಬಿಗಿದಿದ್ದೆ.
ಇದಿನಬ್ಬ ಆಗಲೇ ಪೆಟ್ಟಿಗೆ ಮಗುಚಿ
ಹದಿನಾಲ್ಕರ ಸ್ಪ್ಯಾನರು ಹುಡುಕುತ್ತಿದ್ದರು.